ಫೋಕಸ್ ತಪ್ಪಿತೆಂದು ಲೆನ್ಸ್ ಮಾರಬೇಡಿ!

ಕಿವಿ ಸ್ಪಷ್ಟ, ಕಣ್ಣು ಮಸುಕು… ಈ ಕಾಯಿಲೆಗೆ ಮನೆಯಲ್ಲೇ ಮದ್ದಿದೆ

ನಮ್ಮ ಹೀರೋ ತೆರೆಯ ಮೇಲೆ ಕಣ್ಣೆತ್ತಿ ನೋಡಿದರೆ ಸಾಕು, ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಶಿಳ್ಳೆಯೋ ಶಿಳ್ಳೆ! ಕ್ಲೋಸಪ್ಪಿನ ಜೀವ ಇರುವುದೇ ಕಣ್ಣಿನಲ್ಲಿ. ಷರ್ಟಿನ ಗುಂಡಿ ಮಸುಕಾದರೆ ಯಾರೂ ಕೇಳುವುದಿಲ್ಲ. ಕಣ್ಣು ಮಸುಕಾಯಿತೋ, ಆ ಷಾಟಿನ ಕಥೆ ಮುಗಿಯಿತು.

ಆ ಕಣ್ಣನ್ನು ಕಾಯುವುದಕ್ಕೆಂದೇ ಷೂಟಿಂಗಿನಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಫೋಕಸ್ ಪುಲ್ಲರ್ ಅಂತ ಅವನ ಹೆಸರು. ಕ್ಯಾಮೆರಾಮನ್ನರ ಪಕ್ಕದಲ್ಲಿ ನಿಂತು, ಹೀರೋ ಒಂದು ಹೆಜ್ಜೆ ಮುಂದಿಟ್ಟರೆ ಫೋಕಸ್ಸನ್ನೂ ಒಂದು ಹೆಜ್ಜೆ ಮುಂದೆ ತರುವುದು ಅವನ ಕೆಲಸ. ನಿಮ್ಮ ಕೈಲಿರುವ ಸೆಕೆಂಡ್ ಹ್ಯಾಂಡ್ ಡಿ.ಎಸ್.ಎಲ್.ಆರ್. ಕ್ಯಾಮೆರಾದಲ್ಲಿ ಆ ಕೆಲಸ ಮಾಡುವವನು ಯಾರು? ಒಳಗೆ ಕೂತಿರುವ ಆಟೋಫೋಕಸ್. ಅವನೇ ತಪ್ಪು ಲೆಕ್ಕ ಕೊಟ್ಟರೆ? ಅದನ್ನು ಮನೆಯಲ್ಲೇ ಹಿಡಿದು ತಿದ್ದುವುದು ಹೇಗೆ ಅನ್ನೋದೇ ಈ ವಾರದ ಮಾತು.

ಹತ್ತು ಫೋಟೋ ತಗೊಂಡು ಬಾ!

ಮಂಡ್ಯ ಕಡೆಯ ಒಬ್ಬ ಹುಡುಗ ನನಗೆ ಪರಿಚಯ. ಹಗಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಭಾನುವಾರ ನಾಮಕರಣ, ಗೃಹಪ್ರವೇಶಗಳ ಫೋಟೋ. ಹೊಸ ಚಿತ್ರ ರಿಲೀಸ್ ಅಂದರೆ ಬೆಳಗಿನ ಜಾವಕ್ಕೇ ಥಿಯೇಟರ್ ಬಾಗಿಲಲ್ಲಿ ಹಾಜರ್. ಸಿನಿಮಾದ ಸ್ಟಿಲ್ ಫೋಟೋಗ್ರಾಫರ್ ಒಬ್ಬರ ಬಳಿ ಅಸಿಸ್ಟೆಂಟ್ ಆಗಬೇಕೆಂಬುದು ಅವನ ಆಸೆ. ಅವರು ಅಂದರಂತೆ: “ನೀನೇ ತೆಗೆದ ಹತ್ತು ಫೋಟೋ ತಗೊಂಡು ಬಾ, ನೋಡೋಣ.”

ಹುಡುಗ ಕೂಡಿಟ್ಟ ದುಡ್ಡಿನಲ್ಲಿ ಹಳೆಯದೊಂದು 50 ಎಂ.ಎಂ. ಲೆನ್ಸ್ ಕೊಂಡ. ಹೀರೋ ಕಾರಿನಿಂದ ಇಳಿದಾಗ ಅರವತ್ತು ಫೋಟೋ ಹೊಡೆದ. ಮನೆಗೆ ಹೋಗಿ ನೋಡಿದರೆ ಒಂದರಲ್ಲೂ ಕಣ್ಣು ಸ್ಪಷ್ಟವಿಲ್ಲ! ನನ್ನ ಹತ್ತಿರ ಬಂದಾಗ ಮುಖ ಬಾಡಿಹೋಗಿತ್ತು.

“ಮೋಸ ಹೋದೆ ಸಾರ್. ಲೆನ್ಸೇ ಡಬ್ಬಾ. ಅರ್ಧ ರೇಟಿಗೆ ಕೇಳ್ತಾವ್ರೆ, ಕೊಟ್ಟುಬಿಡ್ತೀನಿ.”

“ತಡೆಯೋ ಮಾರಾಯ. ಮೊದಲು ಆ ಫೋಟೋ ದೊಡ್ಡದು ಮಾಡಿ ತೋರಿಸು” ಅಂದೆ.

ದೊಡ್ಡದು ಮಾಡಿದ. ಹೀರೋ ಕಣ್ಣು ಮಂಜು ಮಂಜು. ಆದರೆ ಕಿವಿ? ಕಿವಿಯ ಹಿಂದಿನ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು!

ಕೈ ನಡುಕವೋ, ಫೋಕಸ್ಸೋ?

ಮಿತ್ರರೇ, ಇಲ್ಲೇ ಇದೆ ಸೂಕ್ಷ್ಮ. ಫೋಟೋ ಮಸುಕಾಗುವುದಕ್ಕೆ ಮುಖ್ಯವಾಗಿ ಮೂರು ಕಾರಣ. ಕೈ ನಡುಗಿದರೆ ಚಿತ್ರದಲ್ಲಿರುವ ಎಲ್ಲವೂ ಒಂದೇ ಕಡೆಗೆ ಎಳೆದಂತೆ ಕಾಣುತ್ತದೆ. ಹೀರೋ ಅಲುಗಾಡಿದರೆ ಅವನು ಮಾತ್ರ ಮಸುಕು, ಹಿಂದಿನ ಗೋಡೆ ಸ್ಪಷ್ಟ. ಈ ಎರಡಕ್ಕೂ ಷಟರ್ ವೇಗ ಹೆಚ್ಚಿಸುವುದೇ ಮದ್ದು. ಆದರೆ ಕಣ್ಣು ಮಸುಕಾಗಿ, ಅದೇ ಮುಖದ ಕಿವಿಯೋ ಮೂಗಿನ ತುದಿಯೋ ಚೂಪಾಗಿದ್ದರೆ? ಅದು ಫೋಕಸ್ ಬೇರೆ ಕಡೆ ಕೂತ ಗುರುತು. ಹಿಂದೆ ಕೂತರೆ ಬ್ಯಾಕ್ ಫೋಕಸ್, ಮುಂದೆ ಕೂತರೆ ಫ್ರಂಟ್ ಫೋಕಸ್.

ಒಂದೆರಡು ಫೋಟೋದಲ್ಲಿ ಹೀಗಾದರೆ ತಲೆ ಕೆಡಿಸಿಕೊಳ್ಳಬೇಡಿ. ಅರವತ್ತರಲ್ಲೂ ಒಂದೇ ದಿಕ್ಕಿಗೆ ತಪ್ಪಿದ್ದರೆ, ಅದು ಕ್ಯಾಮೆರಾಗೂ ಲೆನ್ಸಿಗೂ ಜಾತಕ ಕೂಡಿಬಂದಿಲ್ಲ ಅಂತ ಅರ್ಥ.

ಒಳಗೆ ನಡೆಯುವುದೇನು?

ಡಿ.ಎಸ್.ಎಲ್.ಆರ್. ಕ್ಯಾಮೆರಾದೊಳಗೆ ಒಂದು ಕನ್ನಡಿ ಇದೆ. ಅದರ ನಡುಭಾಗದಿಂದ ಸ್ವಲ್ಪ ಬೆಳಕು ತೂರಿಹೋಗಿ, ಹಿಂದಿರುವ ಇನ್ನೊಂದು ಪುಟ್ಟ ಕನ್ನಡಿಗೆ ಬಡಿದು, ಕೆಳಗೆ ತಳದಲ್ಲಿರುವ ಫೋಕಸ್ ಸೆನ್ಸಾರ್ ಮೇಲೆ ಬೀಳುತ್ತದೆ. ಎರಡು ಕಣ್ಣಿಂದ ನೋಡಿ ನಾವು ದೂರವನ್ನು ಅಂದಾಜು ಮಾಡುವ ಹಾಗೆ, ಆ ಸೆನ್ಸಾರ್ ಲೆನ್ಸಿನ ಎರಡು ಬದಿಯಿಂದ ಬಂದ ಬೆಳಕನ್ನು ಹೋಲಿಸಿ “ಇಷ್ಟು ತಿರುಗು” ಅಂತ ಲೆನ್ಸಿಗೆ ಹುಕುಂ ಕೊಡುತ್ತದೆ. 1985ರಲ್ಲಿ ಬಂದ ಮಿನೋಲ್ಟಾ 7000 ಇಂಥ ವ್ಯವಸ್ಥೆಯನ್ನು ಕ್ಯಾಮೆರಾ ಬಾಡಿಯೊಳಗೇ ಇಟ್ಟು ದೊಡ್ಡ ಹೆಸರು ಮಾಡಿತು. ಆಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು.

ತಮಾಷೆ ನೋಡಿ: ಫೋಕಸ್ ಅಳೆಯುವುದು ತಳದ ಸೆನ್ಸಾರ್, ಫೋಟೋ ಬೀಳುವುದು ಹಿಂದಿನ ಸೆನ್ಸಾರ್ ಮೇಲೆ! ಎರಡು ದಾರಿಯೂ ಒಂದೇ ಉದ್ದ ಇರಬೇಕು. ಎಫ್ 1.8ರಷ್ಟು ಅಪರ್ಚರ್ ತೆರೆದಾಗ, ಸಣ್ಣ ಸೆನ್ಸಾರಿನ ಕ್ಯಾಮೆರಾದಲ್ಲಿ ಆ ಕಡೆ ಈ ಕಡೆ ಇರುವ ಸಡಿಲ ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗಕ್ಕಿಂತ ಕಡಿಮೆ. ಕ್ಯಾಮೆರಾ ಒಂದು ಕಾರ್ಖಾನೆಯದು, ಲೆನ್ಸ್ ಇನ್ನೊಂದರದ್ದು. ಎರಡೂ ತಮ್ಮ ತಮ್ಮ ಮಿತಿಯೊಳಗೇ ಇರಬಹುದು. ಒಂದಾಗಿ ಸೇರಿದಾಗ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಅಂದಮೇಲೆ ಲೆನ್ಸ್ ಕೆಟ್ಟದ್ದೂ ಅಲ್ಲ, ಕ್ಯಾಮೆರಾ ಕೆಟ್ಟದ್ದೂ ಅಲ್ಲ. ಒಳ್ಳೆಯ ಗಂಡು, ಒಳ್ಳೆಯ ಹೆಣ್ಣು, ಆದರೂ ಸಂಸಾರದಲ್ಲಿ ಸಣ್ಣ ಕಿರಿಕಿರಿ. ಒಂದಿಷ್ಟು ಹೊಂದಿಸಿಕೊಟ್ಟರೆ ಸರಿಹೋಗುತ್ತದೆ!

ಸಿನಿಮಾದವರು ಟೇಪು ಹಿಡಿದವರು

ನಿಮ್ಮ ಕ್ಯಾಮೆರಾದ ತಲೆಯ ಮೇಲೆ ಒಂದು ಪುಟ್ಟ ವೃತ್ತ, ಅದರ ನಡುವೆ ಅಡ್ಡಗೆರೆ ಇದೆಯೇ ನೋಡಿ. ಸಿನಿಮಾ ಕ್ಯಾಮೆರಾಗಳಲ್ಲೂ ಅದೇ ಗುರುತು. ಒಳಗೆ ಚಿತ್ರ ಬೀಳುವ ಜಾಗ ಇದೇ ಅಂತ ಅದರ ಅರ್ಥ. ಫೋಕಸ್ ಪುಲ್ಲರ್ ತನ್ನ ಟೇಪಿನ ತುದಿಯನ್ನು ಅಲ್ಲಿಟ್ಟು ನಟನ ಕಣ್ಣಿನವರೆಗೆ ಅಳೆಯುತ್ತಾನೆ. ಷೂಟಿಂಗ್ ಶುರುವಾಗುವ ಮೊದಲೇ ಬಾಡಿಗೆಗೆ ತರುವ ಒಂದೊಂದು ಲೆನ್ಸನ್ನೂ ಅದೇ ಕ್ಯಾಮೆರಾಗೆ ಹಾಕಿ, ಚಾರ್ಟ್ ಇಟ್ಟು, ಲೆನ್ಸಿನ ಮೇಲೆ ಬರೆದ ದೂರ ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡುವುದು ಅವರ ಪದ್ಧತಿ.

ಸ್ಟಾನ್ಲಿ ಕ್ಯೂಬ್ರಿಕ್ ಅವರ ‘ಬ್ಯಾರಿ ಲಿಂಡನ್’ (1975) ಚಿತ್ರದ ವಿಷಯ ಕೇಳಿ. ಮೇಣದಬತ್ತಿಯ ಬೆಳಕಿನಲ್ಲೇ ದೃಶ್ಯ ತೆಗೆಯಬೇಕೆಂದು ನಾಸಾ ಸಂಸ್ಥೆಗಾಗಿ ತಯಾರಾಗಿದ್ದ ಝೈಸ್ 50 ಎಂ.ಎಂ. ಎಫ್ 0.7 ಲೆನ್ಸನ್ನು ಕ್ಯೂಬ್ರಿಕ್ ತಂದರು. ಅಷ್ಟು ತೆರೆದ ಲೆನ್ಸಿನಲ್ಲಿ ಫೋಕಸ್ ನಿಲ್ಲುವ ಜಾಗ ತೀರಾ ಕಿರಿದು, ನಟ ಸ್ವಲ್ಪ ಬಾಗಿದರೂ ಮಸುಕು! ಫೋಕಸ್ ಪುಲ್ಲರ್ ಡಗ್ಲಸ್ ಮಿಲ್ಸಮ್ ಏನು ಮಾಡಿದರು ಗೊತ್ತೇ? ನಟರ ಪಕ್ಕಕ್ಕೆ ಇನ್ನೊಂದು ವಿಡಿಯೋ ಕ್ಯಾಮೆರಾ ಇರಿಸಿ, ಅದರ ಟಿ.ವಿ. ಪರದೆಯ ಮೇಲೆ ಗೆರೆ ಹಾಕಿಕೊಂಡು, ನಟ ಎಷ್ಟು ಮುಂದೆ ಹಿಂದೆ ಆಗುತ್ತಾನೆಂದು ಬದಿಯಿಂದಲೇ ನೋಡಿ ಫೋಕಸ್ ತಿರುಗಿಸಿದರು. ಆ ಚಿತ್ರಕ್ಕೆ ಛಾಯಾಗ್ರಾಹಕ ಜಾನ್ ಆಲ್ಕಾಟ್ ಆಸ್ಕರ್ ಪಡೆದರು.

ಅಂಥ ಮಹಾರಥಿಗಳೇ ಅಳತೆ ನೋಡದೆ ಫೋಕಸ್ ನಂಬಲಿಲ್ಲ. ನಾವೂ ನೀವೂ ಯಾಕೆ ನಂಬಬೇಕು?

ಈ ಪತ್ರಿಕೆಯೇ ನಿಮ್ಮ ಚಾರ್ಟ್

ಬೇಕಾದ ಸಾಮಾನು ಇಷ್ಟೇ: ಒಂದು ಟ್ರೈಪಾಡ್, ಶಾಲೆ ಮಕ್ಕಳ 30 ಸೆಂಟಿಮೀಟರ್ ಸ್ಕೇಲು, ಒಂದು ರಟ್ಟು, ಮತ್ತು ಈ ಪತ್ರಿಕೆ! ಮುಖಪುಟದ ದಪ್ಪಕ್ಷರಕ್ಕಿಂತ ಒಳ್ಳೆಯ ಗುರಿ ಆಟೋಫೋಕಸ್ಸಿಗೆ ಸಿಗುವುದು ಕಷ್ಟ.

ಬೆಳಗ್ಗೆ ಹತ್ತರ ಹೊತ್ತಿಗೆ, ಜಗಲಿಯ ನೆರಳಿನಲ್ಲಿ, ಬೆಳಕು ಚೆನ್ನಾಗಿರುವ ಕಡೆ ಮೇಜು ಹಾಕಿ. ಮುಖಪುಟವನ್ನು ರಟ್ಟಿಗೆ ಅಂಟಿಸಿ ನೆಟ್ಟಗೆ ನಿಲ್ಲಿಸಿ. ಅದರ ಪಕ್ಕದಲ್ಲೇ ಸ್ಕೇಲನ್ನು ಓರೆಯಾಗಿ, 45 ಡಿಗ್ರಿ ಇಳಿಜಾರಿನಲ್ಲಿ ಒರಗಿಸಿ. ಅದರ 15ನೇ ಗೆರೆ ಸರಿಯಾಗಿ ಮುಖಪುಟದ ಮಟ್ಟಕ್ಕೇ ಇರಲಿ. ಸ್ಕೇಲಿನ ಒಂದು ಅರ್ಧ ನಿಮ್ಮ ಕಡೆಗೆ, ಇನ್ನೊಂದು ಅರ್ಧ ಹಿಂದಕ್ಕೆ.

50 ಎಂ.ಎಂ. ಲೆನ್ಸ್ ಆದರೆ ಕ್ಯಾಮೆರಾವನ್ನು ಒಂದೂವರೆ ಮೀಟರ್ ದೂರದಲ್ಲಿ, ಮುಖಪುಟಕ್ಕೆ ನೇರವಾಗಿ, ಅದೇ ಎತ್ತರಕ್ಕೆ ನಿಲ್ಲಿಸಿ. 85 ಎಂ.ಎಂ. ಆದರೆ ಎರಡೂವರೆ ಮೀಟರ್. ಅಪರ್ಚರ್ ಪೂರ್ತಿ ತೆರೆಯಿರಿ. ಫೋಕಸ್ ಚುಕ್ಕೆಗಳಲ್ಲಿ ನಡುವಿನದೊಂದನ್ನೇ ಆರಿಸಿ, ಮುಖಪುಟದ ಅಕ್ಷರದ ಮೇಲೆ ಕೂರಿಸಿ. ಸ್ಕೇಲಿನ ಮೇಲೆ ಬೇಡ. ಬಟನ್ ಒತ್ತುವಾಗ ಅಲುಗದಿರಲೆಂದು ಸೆಲ್ಫ್ ಟೈಮರ್ ಹಾಕಿ.

ಮೊದಲ ಕೆಲಸ: ಲೈವ್ ವ್ಯೂ ಹಾಕಿ, ಪರದೆಯ ಮೇಲೆ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಕೈಯಿಂದಲೇ ಫೋಕಸ್ ಮಾಡಿ ಎರಡು ಫೋಟೋ ತೆಗೆಯಿರಿ. ಆಗ ಕನ್ನಡಿಯ ಲೆಕ್ಕವೇ ಇಲ್ಲ, ಲೆನ್ಸಿನ ನಿಜವಾದ ತಾಕತ್ತು ಗೊತ್ತಾಗುತ್ತದೆ. ಇದರಲ್ಲೂ ಅಕ್ಷರ ಮಸುಕಾದರೆ ತೊಂದರೆ ಲೆನ್ಸಿನದೇ. ಫಂಗಸ್ ಹಿಡಿದಿರಬಹುದು, ಗಾಜು ಅಲುಗಿರಬಹುದು. ಅದಕ್ಕೆ ಮುಂದಿನ ಚಿಕಿತ್ಸೆ ಉಪಯೋಗವಿಲ್ಲ.

ಎರಡನೆಯ ಕೆಲಸ: ಲೈವ್ ವ್ಯೂ ತೆಗೆದು, ವ್ಯೂಫೈಂಡರಿನಲ್ಲಿ ನೋಡಿ ಆಟೋಫೋಕಸ್ಸಿನಲ್ಲಿ ಹತ್ತು ಫೋಟೋ. ಪ್ರತಿ ಸಲವೂ ಮೊದಲು ಲೆನ್ಸನ್ನು ಮ್ಯಾನ್ಯುಯಲ್‌ಗೆ ತಳ್ಳಿ, ಒಮ್ಮೆ ಪೂರ್ತಿ ಹತ್ತಿರಕ್ಕೆ, ಇನ್ನೊಮ್ಮೆ ಪೂರ್ತಿ ದೂರಕ್ಕೆ ತಿರುಗಿಸಿ, ಮತ್ತೆ ಆಟೋಗೆ ತನ್ನಿ. ಇಲ್ಲದಿದ್ದರೆ ಅದು ಕೂತಲ್ಲೇ ಕೂತು “ಸರಿಯಾಗಿದೆ” ಅಂದುಬಿಡುತ್ತದೆ!

ಈಗ ಹತ್ತನ್ನೂ ದೊಡ್ಡದು ಮಾಡಿ ನೋಡಿ. ಸ್ಕೇಲಿನ ಯಾವ ಗೆರೆ ಚೂಪಾಗಿದೆ? 15ರ ಎರಡೂ ಕಡೆ ಸಮನಾಗಿ ಸ್ಪಷ್ಟವಿದ್ದರೆ ಯಾವ ತೊಂದರೆಯೂ ಇಲ್ಲ. ಹೆಚ್ಚಿನವು ಹಿಂದೆ ಕೂತಿದ್ದರೆ ಬ್ಯಾಕ್ ಫೋಕಸ್. ಒಂದು ಮುಂದೆ, ಒಂದು ಹಿಂದೆ ಅಂತ ಚೆಲ್ಲಾಪಿಲ್ಲಿ ಆಗಿದ್ದರೆ ತಿದ್ದಲು ಹೋಗಬೇಡಿ. ಬೆಳಕು ಸಾಲದು, ಇಲ್ಲವೇ ರಿಪೇರಿಯವರೇ ನೋಡಬೇಕು.

ಮೈನಸ್ಸೋ, ಪ್ಲಸ್ಸೋ?

ಇನ್ನು ಮೆನು ತೆರೆಯಿರಿ. ಕ್ಯಾನನ್‌ನಲ್ಲಿ ‘ಎ.ಎಫ್. ಮೈಕ್ರೋ ಅಡ್ಜಸ್ಟ್‌ಮೆಂಟ್’, ನಿಕಾನ್‌ನಲ್ಲಿ ‘ಎ.ಎಫ್. ಫೈನ್ ಟ್ಯೂನ್’. ಎರಡರಲ್ಲೂ ಮೈನಸ್ 20ರಿಂದ ಪ್ಲಸ್ 20ರವರೆಗೆ ಅಂಕಿ. ಫೋಕಸ್ ಹಿಂದೆ ಕೂರುತ್ತಿದ್ದರೆ ಮೈನಸ್ ಕಡೆ ಹೋಗಿ, ಅದು ನಿಮ್ಮತ್ತ ಬರುತ್ತದೆ. ಮುಂದೆ ಕೂರುತ್ತಿದ್ದರೆ ಪ್ಲಸ್. ಐದೈದು ಅಂಕಿ ಬದಲಿಸಿ, ಪ್ರತಿ ಸಲವೂ ನಾಲ್ಕೈದು ಫೋಟೋ ತೆಗೆದು, ಲೈವ್ ವ್ಯೂ ಚಿತ್ರದ ಪಕ್ಕ ಇಟ್ಟು ನೋಡಿ. ಹತ್ತಿರ ಬಂದ ಮೇಲೆ ಒಂದೊಂದೇ ಅಂಕಿ. ‘ಎಲ್ಲ ಲೆನ್ಸಿಗೂ’ ಅನ್ನುವ ಆಯ್ಕೆ ಇದ್ದರೆ ಬಿಟ್ಟುಬಿಡಿ. ‘ಈ ಲೆನ್ಸಿಗೆ ಮಾತ್ರ’ ಅನ್ನುವುದನ್ನೇ ಆರಿಸಿ. ಸ್ನೇಹಿತನ ಕ್ಯಾಮೆರಾದ ಅಂಕಿ ನಿಮ್ಮದಕ್ಕೆ ನಡೆಯುವುದಿಲ್ಲ.

ನಮ್ಮ ಮಂಡ್ಯದ ಹುಡುಗನ ಲೆನ್ಸು ಮೈನಸ್ 8ಕ್ಕೆ ಬಂದು ನಿಂತಿತು. ಖರ್ಚು? ಎರಡು ಕಾಫಿ! ಎರಡು ವಾರ ಸುತ್ತಾಡಿ ಹತ್ತು ಫೋಟೋ ತೆಗೆದ. ಎಳನೀರು ಮಾರುವ ಅಜ್ಜಿ, ಕಟೌಟಿಗೆ ಹಾರ ಹಾಕುವ ಹುಡುಗರು… ಎಲ್ಲರ ಕಣ್ಣೂ ಮಾತಾಡುತ್ತಿತ್ತು. ಸ್ಟಿಲ್ ಫೋಟೋಗ್ರಾಫರ್ ಅಜ್ಜಿಯ ಚಿತ್ರವನ್ನು ಬಹಳ ಹೊತ್ತು ನೋಡಿ, “ಸೋಮವಾರ ಬಾ, ಲೈಟ್ ಹೊರೋದಕ್ಕೆ ಒಬ್ಬ ಬೇಕು” ಅಂದರಂತೆ. ಸಂಬಳ ಅಷ್ಟಕ್ಕಷ್ಟೇ. ಆದರೂ ಬಾಗಿಲು ತೆರೆಯಿತಲ್ಲ!

ಮೆನುವಿನಲ್ಲಿ ಇಲ್ಲದವರು ಏನು ಮಾಡಬೇಕು?

ಈ ಸೌಲಭ್ಯ ಎಲ್ಲ ಕ್ಯಾಮೆರಾದಲ್ಲೂ ಇಲ್ಲ, ಸ್ವಾಮಿ. ಕ್ಯಾನನ್ 7ಡಿ, 70ಡಿ, 80ಡಿ, 6ಡಿ, ನಿಕಾನ್ ಡಿ7000, ಡಿ7200, ಡಿ750 ಇವುಗಳಲ್ಲಿ ಉಂಟು. ಕ್ಯಾನನ್ 60ಡಿ, 700ಡಿ, 1300ಡಿ, ನಿಕಾನ್ ಡಿ3300, ಡಿ5300, ಡಿ5600ಗಳಲ್ಲಿ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದನ್ನೂ ಕೇಳಿ ನೋಡಿಕೊಳ್ಳಿ. ಇಲ್ಲದವರು ನಿಧಾನದ ಫೋಟೋಗಳಿಗೆ ಲೈವ್ ವ್ಯೂ ಬಳಸಿ. ಅವಸರದ ಕಡೆ ಅಪರ್ಚರನ್ನು ಎಫ್ 4ಕ್ಕೆ ಮುಚ್ಚಿದರೆ ಸಣ್ಣ ತಪ್ಪು ಮರೆಯಾಗುತ್ತದೆ. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ ಕೆಲವು ಲೆನ್ಸುಗಳನ್ನು ಅವರದೇ ಡಾಕ್ ಮೂಲಕ ಕಂಪ್ಯೂಟರಿಗೆ ಸೇರಿಸಿ ತಿದ್ದಬಹುದು. ಆದರೆ ಕ್ಯಾಮೆರಾದೊಳಗಿನ ಕನ್ನಡಿಯ ಸ್ಕ್ರೂಗೆ ಮಾತ್ರ ಕೈ ಹಾಕೀರಿ, ಜೋಕೆ!

ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಈ ಗೋಳು ಹೆಚ್ಚುಕಡಿಮೆ ಇಲ್ಲ. ಚಿತ್ರ ಬೀಳುವ ಸೆನ್ಸಾರೇ ಫೋಕಸ್ಸನ್ನೂ ಅಳೆಯುತ್ತದೆ. ಹಾಗಂತ ಸಾಲ ಮಾಡಿ ಹೊಸದು ತರುವ ಮೊದಲು, ಇರುವುದನ್ನು ಒಂದು ಭಾನುವಾರ ಪರೀಕ್ಷಿಸಿ. ಎಷ್ಟೋ ಲೆನ್ಸುಗಳು ಬರೀ ಅನುಮಾನಕ್ಕೇ ಅರ್ಧ ರೇಟಿಗೆ ಹೋಗಿವೆ.

ಇನ್ನೊಂದು ಮಾತು. ಮುಂದಿನ ಸಲ ಚಿತ್ರ ಮುಗಿದಾಗ ಕೂಡಲೇ ಬಾಗಿಲ ಕಡೆ ಓಡಬೇಡಿ. ಕ್ಯಾಮೆರಾ ವಿಭಾಗದ ಹೆಸರುಗಳು ಬರುವಾಗ ಫೋಕಸ್ ಪುಲ್ಲರ್ ಯಾರು ಅಂತ ಹುಡುಕಿ. ಎರಡೂವರೆ ಗಂಟೆ ಹೀರೋ ಕಣ್ಣು ಕಾದವನು ಅವನು. ಅವನಿಗೂ ಒಂದು ಶಿಳ್ಳೆ ಇರಲಿ!