ಕಂಬಂ ಕಣಿವೆಯ ಒಂದಿಂಚು

ತಮಿಳುನಾಡಿನ ಉತ್ತಮಪಾಳಯ ದಾಟಿ ಸ್ವಲ್ಪ ದೂರ ಸೈಕಲ್ ತುಳಿದಿದ್ದೆ, ಕಾಲ ಕೆಳಗೆ ಟಣ್ ಎಂದಿತು. ತಿರುಗಿ ನೋಡಿದರೆ ಚೈನು ಉದ್ದಕ್ಕೆ ರಸ್ತೆಯಲ್ಲಿ ಬಿದ್ದಿದೆ. ಒಂದು ಹೊರಪ್ಲೇಟು ಪಿನ್ನಿನಿಂದ ಕಿತ್ತು ಬಾಯಿ ಬಿಟ್ಟಿದೆ. ಬ್ಯಾಗಿನಲ್ಲಿ ಬೆರಳುದ್ದದ ಚೈನ್ ಕಟ್ಟರ್ ಇತ್ತು. ಧೈರ್ಯವಾಗಿ ತಿರುಪು ತಿರುಗಿಸಿದೆ. ಚೈನಿನ ಪಿನ್ನು ಅಲ್ಲಾಡಲಿಲ್ಲ, ಕಟ್ಟರ್‌ನ ಮೊನೆ ಬಾಗಿತು. ಪಕ್ಕದಲ್ಲಿ ದ್ರಾಕ್ಷಿ ಚಪ್ಪರ, ಎದುರಿಗೆ ಘಟ್ಟ. ಸೈಕಲನ್ನು ಸರಕಿನ ಆಟೊಗೆ ಏರಿಸಿ ಕಂಬಂ ಸೇರಿದೆ.

ಬೀದಿ ಬದಿಯ ಸೈಕಲ್ ಅಂಗಡಿಯ ಮುಂದೆ ನಿಂತು, ಚೈನು ಹರಿದಿದೆ, ಬರುವುದು ತಡವಾಗುತ್ತದೆ ಎಂದು ಮನೆಗೆ ಫೋನಿನಲ್ಲಿ ಹೇಳುತ್ತಿದ್ದೆ. ಕೆಳಗೆ ಕೂತು ಟ್ಯೂಬು ಉಜ್ಜುತ್ತಿದ್ದ ಹಿರಿಯರು ತಲೆ ಎತ್ತದೆ ಅಂದರು: “ಹರಿದಿಲ್ಲಪ್ಪ, ಪಿನ್ನು ಬಿಟ್ಟೈತೆ.”

ಕನ್ನಡ! ಈ ಕಣಿವೆಯ ಒಕ್ಕಲಿಗ ಕಾಪ್ಪಿಲಿಯರ ಮನೆಮಾತು ಕನ್ನಡವೆಂದು ಓದಿದ್ದೆ. 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿಗಳ ಕುರಿತ ಸಂಪುಟಗಳಲ್ಲೂ ಅವರು ಕನ್ನಡದ ಬೇಸಾಯಗಾರರೆಂದೇ ದಾಖಲಾಗಿದ್ದಾರೆ. ಆದರೂ ತಮಿಳು ಫಲಕಗಳ ನಡುವೆ, ಗ್ರೀಸಿನ ವಾಸನೆಯೊಳಗಿಂದ ಆ ಮಾತು ಬಂದಾಗ ನನಗೆ ಅರೆಗಳಿಗೆ ಉತ್ತರ ಹೊಳೆಯಲಿಲ್ಲ. “ಹೌದಣ್ಣ, ಪಿನ್ನೇ” ಎಂದು ಪಕ್ಕದಲ್ಲಿ ಕೂತೆ.

ಅವರ ಬಳಿ ಕಟ್ಟರ್ ಇರಲಿಲ್ಲ. ರೈಲು ಹಳಿಯ ತುಂಡು, ಅದರ ಮೇಲೊಂದು ದಪ್ಪ ನಟ್ಟು, ಮೊನೆ ಸಪಾಟಾಗಿ ಉಜ್ಜಿದ ಪಂಚು, ಸುತ್ತಿಗೆ. ಪಿನ್ನು ನಟ್ಟಿನ ತೂತಿನ ನೇರಕ್ಕೆ ಬರುವಂತೆ ಚೈನು ಕೂರಿಸಿ ಮೂರು ಪೆಟ್ಟು ಕೊಟ್ಟರು. ನಾಲ್ಕನೆಯದಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು. ಪಿನ್ನಿನ ತುದಿ ಆಚೆ ಪ್ಲೇಟನ್ನು ಇನ್ನೂ ಕಚ್ಚಿಕೊಂಡಿತ್ತು. “ಪೂರಾ ಬಿದ್ದರೆ ತಿರುಗಿ ಕೂರಿಸೋಕೆ ಬೆಳಗಾಗ್ತದೆ” ಅಂದರು. ಕಟ್ಟರ್ ಬಳಸುವವರಿಗೂ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಸರದಿಯಲ್ಲಿ ಬರುತ್ತವೆ; ಒಂದೊಂದೂ ಅರ್ಧ ಇಂಚು. ಒಂದನ್ನೇ ತೆಗೆದರೆ ಒಳಕೊಂಡಿಗೆ ಒಳಕೊಂಡಿಯೇ ಎದುರಾಗಿ ಜೋಡಿಸಲು ಬರುವುದಿಲ್ಲ. ಜೋಡಿಯಾಗಿ, ಅಂದರೆ ಒಂದಿಂಚು, ಹೋಗಲೇಬೇಕು. ನನ್ನದೂ ಹೋಯಿತು. ಪಿನ್ನು ಒಳಗೆ ಕೂತ ಮೇಲೆ ಆ ಕೀಲು ಬಿಗಿಯಾಗಿತ್ತು. ಎರಡು ಹೆಬ್ಬೆರಳಲ್ಲಿ ಚೈನನ್ನು ಅಡ್ಡಕ್ಕೆ ಮಿಸುಕಾಡಿಸಿ ಸಡಿಲ ಮಾಡಿದರು. “ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಬೇಡ” ಎಂದೂ ಎಚ್ಚರಿಸಿದರು. ಗಿಡ್ಡವಾದ ಚೈನು ಆ ಗೇರಿನಲ್ಲಿ ಎಳೆದು, ಗೇರು ಬದಲಿಸುವ ಹಿಂದಿನ ಡಿರೇಲರನ್ನೇ ಕಿತ್ತುಬಿಡಬಹುದು.

ಅಷ್ಟರಲ್ಲಿ ಶಾಲೆಯ ಹುಡುಗಿಯೊಬ್ಬಳು ಬಂದಳು. ಹನ್ನೊಂದನೇ ತರಗತಿಯವರಿಗೆ ತಮಿಳುನಾಡು ಸರ್ಕಾರ ಕೊಡುವ ಸೈಕಲ್ಲು, ಅಕ್ಕನ ಕಾಲದ್ದು. ಚೈನು ಜೋತುಬಿದ್ದಿತ್ತು. “ತಾತಾ, ಒಂದು ಕೊಂಡಿ ತೆಗೆದುಬಿಡಿ” ಎಂದು ತಮಿಳಿನಲ್ಲಿ ಕೇಳಿದಳು. ಅವರು ಸುತ್ತಿಗೆ ಮುಟ್ಟಲಿಲ್ಲ, ಸ್ಟೀಲ್ ಸ್ಕೇಲು ತೆಗೆದರು. ಈ ಪ್ರವಾಸದಲ್ಲಿ ನಾನು ಕಂಡ ಅತ್ಯುತ್ತಮ ಉಪಕರಣ ಅದೇ ಎಂದು ಈಗಲೂ ಹೇಳುತ್ತೇನೆ. ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕು ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸುವ ಕಾಲ. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಹಲ್ಲುಗಳೂ ಸವೆದಿರುತ್ತವೆ. ಚೈನು ‘ಎಳೆದುಕೊಂಡಿದೆ’ ಎನ್ನುತ್ತೇವೆ, ಆದರೆ ಪ್ಲೇಟು ಎಳೆದುಕೊಳ್ಳುವುದಿಲ್ಲ. ಪಿನ್ನು ಕೂರುವ ಜಾಗ ಸವೆಯುತ್ತದೆ. ಪ್ರತಿ ಕೀಲಿನಲ್ಲಿ 0.066 ಮಿಲಿಮೀಟರ್ ಸವೆದರೆ ಸಾಕು, ಇಪ್ಪತ್ತನಾಲ್ಕು ಸೇರಿ ಆ ಹದಿನಾರನೇ ಒಂದು ಭಾಗವಾಗುತ್ತದೆ. ಅಂಥ ಚೈನಿನಿಂದ ಒಂದಿಂಚು ತೆಗೆದರೆ ಹಿಂದಿನ ಚಕ್ರ ಅರ್ಧ ಇಂಚು ಮುಂದೆ ಬಂದು ಜೋತುಬೀಳುವುದು ನಿಲ್ಲುತ್ತದೆ, ಸವೆತ ಉಳಿದೇ ಉಳಿಯುತ್ತದೆ. ಸಡಿಲವಾದ ಕೂಡಲೇ ಕೊಂಡಿ ಕೀಳುವ ನಮ್ಮೂರ ಅಂಗಡಿಗಳ ರೂಢಿಯ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ.

ಹುಡುಗಿಯ ಚೈನು ಹನ್ನೆರಡೂ ಎಂಟನೇ ಒಂದನ್ನು ದಾಟಿತ್ತು. ಹೊಸ ಚೈನು, ಹೊಸ ಫ್ರೀವೀಲು. ಹಳೆಯದನ್ನು ಹೊಸದರ ಪಕ್ಕ ಇಟ್ಟು ಅಳೆಯದೆ ಕೊಂಡಿಗಳನ್ನು ಎಣಿಸಿದರು. ಸವೆದದ್ದು ಉದ್ದವಾಗಿರುವುದರಿಂದ ಅಳತೆ ಮೋಸ ಮಾಡುತ್ತದೆ. ಕೊನೆಗೆ ಚೈನ್ ಲಾಕ್ ಹಾಕಿ, ಮೀನಿನಾಕಾರದ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಬರುವಂತೆ ಒತ್ತಿದರು. ಬಾಯಿ ಮುಂದಿದ್ದರೆ ಎಲ್ಲಾದರೂ ತಗುಲಿ ಹಾರಿಹೋಗುತ್ತದೆ.

ಖಾಲಿ ಡಬ್ಬಿಯ ಮೇಲೆ ‘ಡೈಮಂಡ್’ ಎಂದಿತ್ತು. ಅಂಬತ್ತೂರಿನ ಟಿ.ಐ. ಡೈಮಂಡ್ ಚೈನ್ 1960ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಡೈಮಂಡ್ ಕಂಪನಿಯ ಜೊತೆಯಲ್ಲಿ ಶುರುವಾದದ್ದು. ಆ ಇಂಡಿಯಾನಾಪೊಲಿಸ್‌ನಿಂದಲೇ ಡೇಟನ್ ಊರಿನ ಇಬ್ಬರು ಸೈಕಲ್ ಅಂಗಡಿಯವರು ಚೈನು ತರಿಸಿದ್ದರು. ರೈಟ್ ಸಹೋದರರು! ಅವರ 1903ರ ವಿಮಾನದಲ್ಲಿ ಒಂದೇ ಎಂಜಿನ್ನು, ಎರಡು ಪ್ರೊಪೆಲ್ಲರ್, ನಡುವೆ ಚೈನು. ಎರಡೂ ವಿರುದ್ಧ ದಿಕ್ಕಿಗೆ ತಿರುಗಬೇಕಿತ್ತು, ಅದಕ್ಕೆ ಒಂದು ಚೈನನ್ನು ಕೊಳವೆಗಳೊಳಗೆ ಎಂಟರ ಆಕಾರದಲ್ಲಿ ಅಡ್ಡಹಾಯಿಸಿದರು. ಪ್ರೊಪೆಲ್ಲರಿನ ದಂಡದ ಮೇಲೆ ಹಲ್ಲುಚಕ್ರ ನಿಲ್ಲದೆ ಸಡಿಲವಾಗುತ್ತಿದ್ದಾಗ ಅದನ್ನು ಹಿಡಿದು ನಿಲ್ಲಿಸಿದ್ದು ಸೈಕಲ್ ಟೈರು ಅಂಟಿಸುವ ಗೋಂದು. ಡಿಸೆಂಬರ್ 17ರ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಇದನ್ನೆಲ್ಲ ಹಿರಿಯರಿಗೆ ಹೇಳಿದೆ. ಅವರು ಬಹಳ ಹೊತ್ತು ಕೇಳಿ, ಕೊನೆಗೆ ಕೇಳಿದ್ದು ಒಂದೇ: “ಎಂಟರ ಹಾಗೆ ಹಾಕಿದರೆ ನಡುವೆ ಉಜ್ಜೋದಿಲ್ವ?” ಅದಕ್ಕೇ ಕೊಳವೆ, ಅಂದೆ. ತಲೆಯಾಡಿಸಿದರು.

ಇನ್ನು ಈ ಚೈನಿನ ಮೂಲ. ಸ್ವಿಟ್ಜರ್ಲೆಂಡಿನಿಂದ ಮ್ಯಾಂಚೆಸ್ಟರಿಗೆ ಬಂದ ಹಾನ್ಸ್ ರೆನಾಲ್ಡ್ 1880ರಲ್ಲಿ ಬುಷ್ ಮತ್ತು ರೋಲರ್ ಇರುವ ಚೈನು ಮಾಡಿದ. 1885ರ ರೋವರ್ ಸೇಫ್ಟಿ ಸೈಕಲ್ಲು ಹಿಂದಿನ ಚಕ್ರಕ್ಕೆ ಚೈನು ಹಾಕಿ ಯಶಸ್ವಿಯಾಯಿತು. ಅಂದಿನಿಂದ ಮೂಲ ಬದಲಾಗಿಲ್ಲ.

ಬದಲಾದದ್ದು ಅಗಲ. ಹುಡುಗಿಯ ಸೈಕಲ್ಲಿನಂಥ ದಪ್ಪ ಚೈನಿಗೆ ಪಂಚು, ನಟ್ಟು, ಹದವಾದ ಕೈ ಸಾಕು. ನನ್ನ ಎಂಟು ಗೇರಿನದಕ್ಕೆ ಹಳೆ ಪಿನ್ನೇ ತಿರುಗಿ ಕೂತು ಊರು ತಲುಪಿಸಿತು. ಒಂಬತ್ತು, ಹನ್ನೊಂದು ಗೇರಿನ ತೆಳು ಚೈನಿನಲ್ಲಿ ಹಾಗೆ ಮಾಡಬೇಡಿ. ಅಲ್ಲಿ ಪಿನ್ನಿನ ತುದಿಯನ್ನು ಪ್ಲೇಟಿನ ಹೊರಗೆ ಜಜ್ಜಿ ಅಗಲಿಸಿರುತ್ತಾರೆ. ಒಮ್ಮೆ ಹೊರಗೆ ತಳ್ಳಿದರೆ ಆ ಹಿಡಿತ ಹೋಯಿತು. ಹೊಸ ಜೋಡಣೆ ಪಿನ್ನೋ ಕ್ವಿಕ್ ಲಿಂಕೋ ಬೇಕು. ಕಟ್ಟರ್ ಕೊಳ್ಳುವಾಗ ಬೆನ್ನಿನ ಗೋಡೆ ದಪ್ಪಗಿದೆಯೇ, ಹಿಡಿ ಉದ್ದವಿದೆಯೇ, ಮೊನೆ ಮುರಿದರೆ ಬೇರೆ ಸಿಗುತ್ತದೆಯೇ ನೋಡಿ. ನನ್ನ ಬೆರಳುದ್ದದ್ದಕ್ಕೆ ಮೂರೂ ಇರಲಿಲ್ಲ.

ವಾಪಸು ಬರುವಾಗ ದಿಂಡಿಗಲ್‌ನಲ್ಲಿ ಇಳಿದೆ. ಅಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕೈಯಲ್ಲೇ ಕಬ್ಬಿಣ ಕೊರೆದು, ಉಜ್ಜಿ ಬೀಗ ಕೂರಿಸುವವರ ಬೀದಿಯಲ್ಲಿ ಒಬ್ಬರ ಮುಂದೆ ನಿಂತು, ಚೈನಿನ ಪಿನ್ನು ತಳ್ಳುವ ಪಂಚು ಬೇಕು ಎಂದೆ. ಪಿನ್ನಿನ ದಪ್ಪ ಮೂರೂವರೆ ಮಿಲಿಮೀಟರ್ ಆಸುಪಾಸು, ಪಂಚಿನ ಮೊನೆ ಅದಕ್ಕಿಂತ ಸಣ್ಣಗಿರಬೇಕು. ಉಕ್ಕಿನ ಸರಳೊಂದನ್ನು ವೈಸ್‌ನಲ್ಲಿ ಬಿಗಿದು ಅರದಿಂದ ಉಜ್ಜತೊಡಗಿದರು. ಕಂಬಂನಲ್ಲಿ ತೆಗೆದ ಒಂದಿಂಚು ನನ್ನ ಜೇಬಿನಲ್ಲಿತ್ತು. ಅದನ್ನು ಇಸಿದುಕೊಂಡು, ಪಿನ್ನಿನ ಮೇಲೆ ಮೊನೆ ಇಟ್ಟು ಬೆಳಕಿಗೆ ಹಿಡಿದರು. ಇನ್ನೂ ಕೂದಲೆಳೆಯಷ್ಟು ಹೆಚ್ಚು ದಪ್ಪ. ಏನೂ ಹೇಳದೆ ಮತ್ತೆ ಅರ ಎತ್ತಿಕೊಂಡರು.