ಬೋನ್ಸಾಯ್‌ಗೆ ಗೂಟಿ: ನಂಬಿಕೆ ಬೇರೆ, ನಿಜ ಬೇರೆ

ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರಿಗೆ ಗೂಟಿ ಕಟ್ಟುವುದು, ಅಂದರೆ ಮರದಲ್ಲಿರುವ ಕೊಂಬೆಗೇ ಬೇರು ಬರಿಸಿ ಕತ್ತರಿಸಿಕೊಳ್ಳುವುದು, ಹೊಸದಲ್ಲ. ಇಲ್ಲಿನ ಎಷ್ಟೋ ಭಗ್ವಾ ತಳಿಯ ತೋಟಗಳು ಗೂಟಿ ಸಸಿಗಳಿಂದಲೇ ಎದ್ದಿವೆ. ಅದೇ ಕೆಲಸವನ್ನು ಬೋನ್ಸಾಯ್‌ಗೆ ಮಾಡುತ್ತೇವೆ ಎಂದರೆ ಮಾತ್ರ ಜನ ಅದನ್ನು ಜಪಾನಿನ ಗುಟ್ಟು ಎಂದುಕೊಳ್ಳುತ್ತಾರೆ. ಜೊತೆಗೆ ಒಂದಿಷ್ಟು ತಪ್ಪು ತಿಳಿವಳಿಕೆಯೂ ಅಂಟಿಕೊಳ್ಳುತ್ತದೆ.

“ಸುತ್ತ ತೊಗಟೆ ತೆಗೆದರೆ ಕೊಂಬೆ ಒಣಗುತ್ತದೆ” ಎಂಬುದು ಮೊದಲ ಭಯ. ಒಣಗುವುದಿಲ್ಲ. ಬೇರಿನ ನೀರು ಮೇಲೇರುವುದು ಒಳಗಿನ ಕಟ್ಟಿಗೆಯಲ್ಲಿ. ಅದಕ್ಕೆ ಚಾಕು ತಾಗಿರುವುದಿಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆ ಮತ್ತು ಚಿಗುರಿನ ಆಕ್ಸಿನ್ ಚೋದಕ ಕೆಳಗಿಳಿಯುವುದು ಹೊರಪದರಗಳಲ್ಲಿ. ಉಂಗುರದಾಕಾರದಲ್ಲಿ ತೊಗಟೆ ತೆಗೆದ ಕಡೆ ಆ ದಾರಿ ಕಡಿದು, ಎರಡೂ ಗಾಯದ ಮೇಲಂಚಿನಲ್ಲಿ ಶೇಖರವಾಗುತ್ತವೆ. ಅಲ್ಲಿಗೆ ತೇವ, ಕತ್ತಲು ಸಿಕ್ಕರೆ ಬೇರೊಡೆಯುತ್ತದೆ. ನೆನೆಸಿ ಹಿಂಡಿದ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಇಟ್ಟು ಪ್ಲಾಸ್ಟಿಕ್ ಸುತ್ತುವುದು ಅದಕ್ಕಾಗಿಯೇ.

ಕೆಲಸ ಕೆಡುವುದು ಹೆಚ್ಚಾಗಿ ಹೆದರಿಕೆಯಿಂದ. ಪೆನ್ಸಿಲ್ ದಪ್ಪದ ಕೊಂಬೆಗೆ ಸುಮಾರು 2.5 ಸೆಂ.ಮೀ. ಅಗಲ ತೊಗಟೆ ತೆಗೆದು, ಅಡಿಯಲ್ಲಿ ಉಳಿಯುವ ಜಾರು ಪೊರೆಯನ್ನೂ ಕೆರೆಯಬೇಕು. ಕೂದಲೆಳೆಯಷ್ಟು ಗೀರಿ ಬಿಟ್ಟರೆ ಗಾಯ ಮಾಯ್ದು ತೊಗಟೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಬೈಗುಳ ಮಾತ್ರ ಬೇರು ಬರಲೆಂದು ಗಾಯಕ್ಕೆ ಹಚ್ಚುವ ಪೌಡರಿಗೆ! ಪೌಡರು ಹೆಚ್ಚು ಮೆತ್ತಿದರೆ ಬೇರೂ ಹೆಚ್ಚು ಬರುತ್ತದೆ ಎಂಬುದೂ ಸುಳ್ಳು. ಅತಿಯಾದರೆ ಅಂಗಾಂಶವೇ ಸುಡುತ್ತದೆ.

“ಯಾವ ಮರಕ್ಕಾದರೂ ಕಟ್ಟಬಹುದು” ಎನ್ನುವವರಿಗೆ ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆಯೇ ಉತ್ತರ. ಅವುಗಳ ಕಾಂಡದಲ್ಲಿ ನೀರು, ಆಹಾರದ ನಾಳಗಳು ಚದುರಿಕೊಂಡಿವೆ. ಉಂಗುರದ ಹಾಗೆ ಸುಲಿದು ತೆಗೆಯುವ ತೊಗಟೆಯೇ ಇಲ್ಲ. ದಾಳಿಂಬೆ, ಸೀಬೆ, ಆಲ ಸುಲಭವಾಗಿ ಒಲಿಯುತ್ತವೆ.

ಗೂಟಿ ಕಟ್ಟಿದ್ದರಿಂದಲೇ ಗಿಡ ಕುಳ್ಳಾಗುತ್ತದೆ ಎಂದೂ ಹೇಳುತ್ತಾರೆ. ಅದೇ ಗಿಡವನ್ನು ಹೊಲದಲ್ಲಿ ನೆಟ್ಟು ನೋಡಿ, ಆಳೆತ್ತರ ದಾಟುತ್ತದೆ. ಕುಳ್ಳಾಗಿ ಉಳಿಸುವುದು ಸಣ್ಣ ಕುಂಡ, ಮತ್ತೆ ಮತ್ತೆ ಬೇರು, ಚಿಗುರು ಸವರುವ ಕೈ. ಗೂಟಿಯ ಲಾಭ ಬೇರೆ. ಬೀಜದ ಗಿಡಕ್ಕೆ ಹೆಬ್ಬೆರಳು ದಪ್ಪದ ಬೊಡ್ಡೆ ಬರಲು ವರ್ಷಗಟ್ಟಲೆ ಕಾಯಬೇಕು. ಇಲ್ಲಿ ಆ ದಪ್ಪ ತಾಯಿಮರದಲ್ಲೇ ಸಿದ್ಧವಾಗಿರುತ್ತದೆ. ಸೊಟ್ಟಗೆ ಬೆಳೆದ, ಕವಲೊಡೆದ ಕೊಂಬೆ ಹುಡುಕಿ ಕವಲಿನ ಸ್ವಲ್ಪ ಕೆಳಗೆ ಕಟ್ಟಿದರೆ ಅರ್ಧ ಬೋನ್ಸಾಯ್ ಮುಗಿದಂತೆ. ಕಾಯಿ ಕಟ್ಟಿದ ಮರದ ಕೊಂಬೆಯಾದ್ದರಿಂದ ಹೂವೂ ಬೇಗ. ಆದರೆ ಹಣ್ಣು ಗೋಲಿಯಷ್ಟಾಗುತ್ತದೆ ಎಂದು ಕಾಯಬೇಡಿ. ಕುಂಡದಲ್ಲಿ ಎಲೆ ಕಿರಿದಾದರೂ ಭಗ್ವಾ ಹಣ್ಣು ಆಟಿಕೆಯ ಗಾತ್ರಕ್ಕೆ ಇಳಿಯುವುದಿಲ್ಲ. ಪುಟ್ಟ ಹಣ್ಣೇ ಬೇಕಿದ್ದರೆ ಕುಬ್ಜ ದಾಳಿಂಬೆಯನ್ನೇ ಆರಿಸಬೇಕು.

ನಮ್ಮ ಒಣಗಾಳಿಗೆ ಮಳೆಗಾಲವೇ ಸರಿಯಾದ ಕಾಲ. ಏಪ್ರಿಲ್‌ನಲ್ಲಿ ಕಟ್ಟಿದರೆ ಪಾಚಿ ಒಣಗಿ ಶ್ರಮ ವ್ಯರ್ಥ. ದಾಳಿಂಬೆಗೆ ಬೇರು ಬರಲು ಒಂದೂವರೆ, ಎರಡು ತಿಂಗಳು ಬೇಕಾಗುತ್ತದೆ. ಪ್ಲಾಸ್ಟಿಕ್ಕಿನೊಳಗೆ ಒಂದು ಬೇರು ಕಂಡ ಕೂಡಲೇ ಕತ್ತರಿಸಿ ಬೋನ್ಸಾಯ್ ತಟ್ಟೆಗೆ ಹಾಕುವವರಿದ್ದಾರೆ. ಅದು ತಪ್ಪು. ಬೇರು ಚೆನ್ನಾಗಿ ತುಂಬಿದ ಮೇಲೆ ಕತ್ತರಿಸಿ, ಎಲೆ ಕಡಿಮೆ ಮಾಡಿ, ಮೊದಲು ಮಾಮೂಲಿ ಕುಂಡದಲ್ಲಿ ನೆರಳಿನಲ್ಲಿಡಿ. ಚೇತರಿಸಿಕೊಂಡ ಮೇಲೆ ಬಿಸಿಲು ಬೇಕೇ ಬೇಕು, ಟಿ.ವಿ. ಪಕ್ಕ ಇಡುವ ಅಲಂಕಾರದ ವಸ್ತು ಅದಲ್ಲ.

ಎಲ್ಲಕ್ಕಿಂತ ಅಪಾಯದ ನಂಬಿಕೆ: ಬೇರು ಬಿಟ್ಟಿತೆಂದರೆ ಗಿಡ ಆರೋಗ್ಯವಾಗಿದೆ ಎಂದು. ದಾಳಿಂಬೆ ತೋಟಗಳನ್ನು ಹಾಳುಗೆಡವುವ ದುಂಡಾಣು ಅಂಗಮಾರಿ, ರೋಗದ ಗಿಡದಿಂದ ತೆಗೆದ ಗೂಟಿಯ ಜೊತೆಗೇ ಬರುತ್ತದೆ. ನಿಮ್ಮ ಮಹಡಿಯ ಒಂದು ಕುಂಡ ಪಕ್ಕದ ತೋಟಕ್ಕೆ ಕಂಟಕವಾಗಬಹುದು. ತಾಯಿಗಿಡದ ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಚುಕ್ಕೆ, ಕಾಂಡದ ಗೆಣ್ಣಿನಲ್ಲಿ ಕಪ್ಪು ಬಿರುಕು ಕಂಡರೆ ಅದರಿಂದ ಗೂಟಿ ಕಟ್ಟಬೇಡಿ. ಅನುಮಾನವಿದ್ದರೆ ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ಆಮೇಲೆ ಚಾಕು ಹಿಡಿಯಿರಿ.