ಊಲಾಂಗ್ ಚಹಾ ಮತ್ತು ನೆರೆಯ ಅಂಗಡಿ

ಬಳ್ಳಾರಿಯ ಯಾವುದೇ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿಯ ತಟ್ಟೆಯ ಮುಂದೆ ಕುಳಿತು ಕಿವಿಗೊಟ್ಟರೆ, ಒಂದೇ ಪಾನೀಯಕ್ಕೆ ಎರಡು ಹೆಸರುಗಳು ಕೇಳಿಬರುತ್ತವೆ. ಒಬ್ಬರಿಗೆ ಅದು ‘ಚಾ’, ಪಕ್ಕದ ಮೇಜಿನವರಿಗೆ ‘ಟೀ’. ಎರಡೂ ಚೀನಾದ ಮಾತುಗಳೇ. ಮಕಾವಿನಲ್ಲಿ ವ್ಯಾಪಾರಕ್ಕೆ ನಿಂತ ಪೋರ್ಚುಗೀಸರು ಅಲ್ಲಿಯವರ ‘ಚಾ’ ಶಬ್ದವನ್ನು ಕೈಗೆತ್ತಿಕೊಂಡರು. ಫೂಜಿಯನ್ ಕರಾವಳಿಯವರೊಡನೆ ವ್ಯವಹರಿಸಿದ ಡಚ್ಚರು ‘ಟೆ’ ಎಂಬುದನ್ನು ಯೂರೋಪಿಗೆ ಒಯ್ದರು. ಇಂದು ನಾನು ಹೇಳಹೊರಟಿರುವ ಊಲಾಂಗ್ ಎಂಬ ಚಹಾ ಅದೇ ಫೂಜಿಯನ್ ಪ್ರಾಂತ್ಯದ್ದು. ವೂಯಿ ಬೆಟ್ಟಗಳು ಮತ್ತು ಆನ್‌ಶಿ ಅದರ ಪ್ರಸಿದ್ಧ ನೆಲೆಗಳು. ಅಲ್ಲಿಂದ ವಲಸೆ ಹೋದವರು ಅದನ್ನು ತೈವಾನಿನಲ್ಲಿ ಬೆಳೆಸಿದರು. ಹೆಸರಿನ ಅರ್ಥ ‘ಕಪ್ಪು ಡ್ರ್ಯಾಗನ್’. ಹೆಸರು ಭಯಂಕರ, ರುಚಿ ಸೌಮ್ಯ.

ಹಸಿರು ಚಹಾ, ಕಪ್ಪು ಚಹಾ, ಊಲಾಂಗ್—ಇವು ಬೇರೆ ಬೇರೆ ಗಿಡಗಳಲ್ಲ. ಗಿಡದ ಜಾತಿ ಒಂದೇ, ಸಂಸ್ಕಾರ ಬೇರೆ. ಹೆಚ್ಚಿಟ್ಟ ಬದನೆಕಾಯಿ ಗಾಳಿ ತಗುಲಿ ಕಪ್ಪಾಗುವುದನ್ನು ನಮ್ಮ ಹೆಣ್ಣುಮಕ್ಕಳೆಲ್ಲ ಬಲ್ಲರು. ಚಹಾದ ಎಲೆಯಲ್ಲಿ ನಡೆಯುವುದೂ ಅದೇ. ಕಿತ್ತ ಎಲೆಯನ್ನು ಬೇಗನೆ ಬಿಸಿಮಾಡಿ ಆ ಕ್ರಿಯೆಯನ್ನು ತಡೆದರೆ ಹಸಿರು ಚಹಾ. ಪೂರ್ತಿ ನಡೆಯಗೊಟ್ಟರೆ ನಾವು ಕುಡಿಯುವ ಕಪ್ಪು ಚಹಾ. ಊಲಾಂಗ್ ಮಾಡುವವರು ಎಲೆಯನ್ನು ಬಾಡಿಸಿ, ಅಲುಗಾಡಿಸಿ, ಅಂಚುಗಳನ್ನಷ್ಟೇ ನಸುವಾಗಿ ಜಜ್ಜಿ, ನಡುದಾರಿಯಲ್ಲಿ ಬಾಣಲೆಯ ಕಾವಿಗೆ ಹಾಕಿ ನಿಲ್ಲಿಸುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬುದೇ ಅವರ ವಿದ್ಯೆ. ಬೇಗ ನಿಲ್ಲಿಸಿದರೆ ಹೂವಿನ ಪರಿಮಳ, ತಡವಾದರೆ ಹುರಿದ ಧಾನ್ಯದ, ಜೇನಿನ ವಾಸನೆ.

ಹಾಲು ಸಕ್ಕರೆಗಳನ್ನು ಬಿಡಬೇಕೆಂದು ವೈದ್ಯರು ಆಜ್ಞಾಪಿಸಿದ ಮೇಲೆ ನಾನು ಇದರ ಕಡೆಗೆ ತಿರುಗಿದೆ. ನಮ್ಮ ಹೋಟೆಲಿನ ಚಹಾ ಹಾಲಿಗಾಗಿಯೇ ಹುಟ್ಟಿದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದ ಸಿ.ಟಿ.ಸಿ. ಯಂತ್ರ ಎಲೆಯನ್ನು ಹಿಂಡಿ, ಹರಿದು, ಸುರುಳಿಸಿ ಕಾಳಾಗಿಸುತ್ತದೆ. ಆ ಕಾಳಿನ ಕಡುಬಣ್ಣ, ಒಗರು ಹಾಲಿಲ್ಲದೆ ನಾಲಗೆಗೆ ಒಗ್ಗುವುದು ಕಷ್ಟ. ಊಲಾಂಗಿಗೆ ಹಾಲು ಹಾಕುವುದಾದರೆ ಅದನ್ನು ಕೊಳ್ಳದಿರುವುದೇ ಲೇಸು.

ಇನ್ನು ಕೊಳ್ಳುವ ವಿಚಾರ. ಸಿರುಗುಪ್ಪದ ನನ್ನ ಬಂಧುಗಳು ಅಕ್ಕಿ ಕೊಳ್ಳುವುದನ್ನು ನೋಡಬೇಕು. ಸೋನಾ ಮಸೂರಿಯನ್ನು ಅಂಗೈಯಲ್ಲಿ ಹರಡಿ, ನುಚ್ಚೆಷ್ಟು, ಹಳೆಯದೋ ಹೊಸದೋ ಎಂದು ಕೇಳಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದ ಹೊರತು ಚೀಲಕ್ಕೆ ಕೈಹಾಕುವುದಿಲ್ಲ. ಅದೇ ಜನ ಚಹಾ ಕೊಳ್ಳುವಾಗ ಪೊಟ್ಟಣದ ಮೇಲಿನ ಚಿತ್ರವನ್ನು ನೋಡಿ ಹಣ ಕೊಡುತ್ತಾರೆ! ಒಳಗಿನದನ್ನು ನೋಡುವ, ಮೂಸುವ ಅವಕಾಶವೇ ಅಲ್ಲಿಲ್ಲ. ಬಿಡಿ ಚಹಾ ತೂಗಿ ಕೊಡುವ ಚಿಕ್ಕ ಅಂಗಡಿಯ ಹಿರಿಮೆ ಇಲ್ಲಿದೆ.

ಇನ್ನೊಂದು ಕಾರಣವೂ ಉಂಟು. ಚಹಾದ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಕುರುಗೋಡಿನ ಕಡೆ ಮೆಣಸಿನಕಾಯಿಯ ಸುಗ್ಗಿಯಲ್ಲಿ ಕಿರಾಣಿ ಅಂಗಡಿಗೆ ಕಾಲಿಟ್ಟರೆ ಸೀನು ಬರುತ್ತದೆ. ಮಗ್ಗುಲಲ್ಲೇ ಇಂಗು, ಊದುಬತ್ತಿ, ಸಾಬೂನು. ಆ ನೆರೆಯಲ್ಲಿ ತೆರೆದಿಟ್ಟ ಊಲಾಂಗ್ ಒಂದು ವಾರದಲ್ಲಿ ಜಾತಿ ಕೆಡುತ್ತದೆ. ಚಹಾವನ್ನಷ್ಟೇ ಮಾರುವ ಅಂಗಡಿ ಬೇಕೆನ್ನುವುದು ಶೋಕಿಗಾಗಿ ಅಲ್ಲ.

ಕೌಲ್ ಬಜಾರಿನ ಕಡೆ ನನಗೆ ಪರಿಚಯದ ಅಂಥ ವ್ಯಾಪಾರಿಯೊಬ್ಬರಿದ್ದಾರೆ. ಅವರ ಬಂಡವಾಳವೆಲ್ಲ ನೀಲಗಿರಿ, ಅಸ್ಸಾಮಿನ ಪುಡಿ. ಊಲಾಂಗ್ ಕೇಳಿದಾಗ, “ಸರ್, ಇದನ್ನು ಕೇಳೋರು ಇಡೀ ಊರಲ್ಲಿ ನಾಕು ಮಂದಿ ಇರಲಿಕ್ಕಿಲ್ಲ, ತರಿಸಿದರೆ ಉಳಿದದ್ದನ್ನ ನಾನೇ ಕುಡೀಬೇಕು” ಎಂದರು. ನಾವು ಮೂವರು ನಿವೃತ್ತರು ಸೇರಿ ಅರ್ಧ ಕಿಲೋ ಹಂಚಿಕೊಳ್ಳುವುದಾಗಿ ಮಾತು ಕೊಟ್ಟೆವು. ಡಾರ್ಜಿಲಿಂಗಿನಲ್ಲಿಯೂ ನೀಲಗಿರಿಯಲ್ಲಿಯೂ ಕೆಲವು ತೋಟಗಳು ಊಲಾಂಗ್ ತಯಾರಿಸುತ್ತವೆ. ನಮಗೆ ಬಂದದ್ದು ನೀಲಗಿರಿಯದು. ಬಿಡಿ ಚಹಾದ ಗಿರಾಕಿಗಳು ಕಡಿಮೆಯಾಗಿದ್ದಾರೆಂದೂ, ಮಗ ಈ ಅಂಗಡಿಯನ್ನು ಮುಂದುವರಿಸಲು ಒಲ್ಲನೆಂದೂ ಅವರು ತೂಗುತ್ತಲೇ ಹೇಳಿದರು. ಅಂಥವರು ಬಾಗಿಲು ಹಾಕಿದರೆ ಡಬ್ಬಿ ತೆರೆದು “ಮೂಸಿ ನೋಡಿ” ಎನ್ನುವವರು ಊರಿನಲ್ಲಿ ಉಳಿಯುವುದಿಲ್ಲ.

ವ್ಯಾಪಾರಿಯನ್ನು ಸಂಕೋಚವಿಲ್ಲದೆ ಕೇಳಿ: ಯಾವ ತೋಟದ್ದು, ಯಾವ ತಿಂಗಳು ಕಿತ್ತದ್ದು? ಉತ್ತರ ತಿಳಿಯದಿದ್ದರೆ ವಿಚಾರಿಸಿ ಹೇಳುವೆನೆನ್ನುವವನು ನಂಬತಕ್ಕವನು. ಐವತ್ತು ಗ್ರಾಮಿಗಿಂತ ಹೆಚ್ಚು ಒಮ್ಮೆಗೆ ಬೇಡ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹಸಿರುಛಾಯೆಯ ಊಲಾಂಗಿನ ಪರಿಮಳ ಬೇಗ ಹಾರಿಹೋಗುತ್ತದೆ, ಚೆನ್ನಾಗಿ ಹುರಿದದ್ದು ಹೆಚ್ಚು ಕಾಲ ತಾಳುತ್ತದೆ. ಬಿಡಿ ಪುಡಿಗೆ ಬಣ್ಣ ಬೆರೆಸಿರುವ ಸಂಶಯವಿದ್ದರೆ ಒದ್ದೆ ಮಾಡಿದ ಒತ್ತುಕಾಗದದ ಮೇಲೆ ಚಿಟಿಕೆ ಉದುರಿಸಿ. ತಣ್ಣೀರಿಗೇ ಕೂಡಲೆ ಬಣ್ಣ ಬಿಟ್ಟು ಹರಡಿದರೆ ಅದು ಎಲೆಯ ಬಣ್ಣವಲ್ಲ.

ಊಲಾಂಗಿನ ಪರೀಕ್ಷೆ ಬಟ್ಟಲಲ್ಲಿಯೇ ಆಗುತ್ತದೆ. ಒಂದು ಲೋಟಕ್ಕೆ ಚಮಚದಷ್ಟು ಎಲೆ, ಕುದಿ ಇಳಿದ ನೀರು, ಎರಡು ಮೂರು ನಿಮಿಷ. ಸೋಸಿದ ಮೇಲೆ ಎಲೆಯನ್ನು ಎಸೆಯದೆ ಬೆರಳಿನಿಂದ ಬಿಡಿಸಿ ನೋಡಿ. ಹಗುರವಾಗಿ ಹುರಿದ ಒಳ್ಳೆಯ ಊಲಾಂಗಿನ ಎಲೆ ಇಡಿಯಾಗಿ ಬಿಚ್ಚಿಕೊಳ್ಳುತ್ತದೆ. ನಡುವೆ ಹಸಿರು, ಸುತ್ತ ಕೆಂಪಂಚು, ಇಳಕಲ್ ಸೀರೆಯ ಹಾಗೆ. ಅದೇ ಎಲೆಗೆ ಮತ್ತೆ ಎರಡು ಮೂರು ಸಲ ಬಿಸಿನೀರು ಹಾಕಬಹುದು. ನನಗೆ ಎರಡನೆಯ ಸಲದ್ದೇ ಹೆಚ್ಚು ಪ್ರಿಯ.